ಕೂದಲೆಳೆಯ ಸಂದು

ಸೊಸೆ ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅಡುಗೆಮನೆಯ ನೀರು ಹಜಾರಕ್ಕೆ ಇಳಿದಿತ್ತು. ಮೊದಲು ಅವಳ ಕಣ್ಣಿಗೆ ಬಿದ್ದದ್ದು ತೇಲಿಕೊಂಡು ಬರುತ್ತಿದ್ದ ಒಂದು ಚಪ್ಪಲಿ, ಆಮೇಲೆ ಮಾವ. ಅವರು ಸಿಂಕಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಬಿಚ್ಚಿದ ನಲ್ಲಿಯ ಭಾಗಗಳು ಪಕ್ಕದ ಕಟ್ಟೆಯ ಮೇಲೆ, ಒಂದು ಕರವಸ್ತ್ರದ ಮೇಲೆ ಸಾಲಾಗಿದ್ದವು. ಯಾವುದನ್ನು ಮೊದಲು ಬಿಚ್ಚಿದ್ದು, ಯಾವುದನ್ನು ಕೊನೆಗೆ ಎಂಬುದು ನೋಡಿದವರಿಗೆ ತಾನಾಗಿ ತಿಳಿಯುವಷ್ಟು ಅಚ್ಚುಕಟ್ಟು. ಗೋಡೆಯ ಪೈಪಿನಿಂದ ಚಿಮ್ಮಿದ ನೀರು ಅವರ ಅಂಗಿಯನ್ನು ತೋಯಿಸಿ, ಎದುರಿನ ಕಪಾಟಿಗೆ ಬಡಿದು ಇಳಿಯುತ್ತಿತ್ತು.

"ವಾಷರ್ ಸವೆದಿದೆ," ಅಂದರು ಅವಳ ಕಡೆ ತಿರುಗದೆ. "ಸ್ಟೋರಿಂದ ಹೊಸದು ತರಿಸಿ ಅಂತ ಬೆಳಗಿಂದ ಬಡ್ಕೋತಿದೀನಿ. ಇಲ್ಲಿ ಒಬ್ಬರಿಗಾದ್ರೂ ಕಿವಿ ಇಲ್ಲ."

ಅವಳು ಓಡಿಹೋಗಿ ಹೊರಗಿನ ವಾಲ್ವ್ ತಿರುಗಿಸಿದಳು. ಮಾವನ ಅಂಗಿ ಬದಲಾಯಿಸಿ, ಬಟ್ಟೆಯಲ್ಲಿ ನೀರು ಹೀರಿಸಿ ಹೀರಿಸಿ ಬಕೆಟ್ಟಿಗೆ ಹಿಂಡುವಷ್ಟರಲ್ಲಿ ಮಧ್ಯಾಹ್ನವಾಯಿತು.

ಮಾವ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಎರಡು ಭಾಗ ಸೇರುವಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಬಿಚ್ಚಿ ಮೊದಲಿಂದ ಮಾಡಿಸುತ್ತಿದ್ದ ಆಸಾಮಿ. ಹೆಂಡತಿ ತೀರಿಕೊಂಡ ಮೇಲೆ ಮರೆವು ಮೆಲ್ಲಗೆ ಶುರುವಾಯಿತು. ಮೊದಲು ಕನ್ನಡಕ ಮರೆತರು, ಆಮೇಲೆ ಬೀದಿ ಮರೆತರು, ಈಗೀಗ ಮನೆಯವರನ್ನೂ. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ, ಪೀಕಲಾಟವೆಲ್ಲ ಅದೇ. ನಲ್ಲಿಗೂ ಮುಂಚೆ ಮುಂಬಾಗಿಲ ಚಿಲಕ ಬಿಚ್ಚಿದ್ದರು. ಅದಕ್ಕೂ ಮುಂಚೆ ಗ್ಯಾಸ್ ಒಲೆಯ ತಿರುಪು.

"ನಲ್ಲಿ ಆದ್ರೆ ನೀರು," ಅಂದ ಅವರ ಮಗ, ಅವಳ ಗಂಡ, ಅಂದು ಸಂಜೆ ಒದ್ದೆಯಾದ ಕಾಲುಚೀಲ ಕಳಚುತ್ತ. "ಗ್ಯಾಸ್ ಆದ್ರೆ?"

ಅವನು ಅಪ್ಪನ ಹತಾರದ ಪೆಟ್ಟಿಗೆಗೆ ಬೀಗ ಹಾಕಿ ಅಟ್ಟದ ಮೇಲಿಟ್ಟ; ಕೀಲಿಯನ್ನು ಅವಳ ಕೈಗಿಟ್ಟು, ಪೆಟ್ಟಿಗೆ ಇಳಿಸುವುದಿಲ್ಲವೆಂದು ಮಾತು ತೆಗೆದುಕೊಂಡ. ಇಂಥವರನ್ನೇ ನೋಡಿಕೊಳ್ಳುವ ಮನೆಯೊಂದು ಊರಾಚೆಗಿತ್ತು. ಅಲ್ಲಿ ತಿಂಗಳ ಕೊನೆಗೆ ಒಂದು ಹಾಸಿಗೆ ಖಾಲಿಯಾಗುತ್ತದೆ, ಬೇಕೋ ಬೇಡವೋ ಬೇಗ ಹೇಳಿ ಅಂದಿದ್ದರು. ಇತ್ತ ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕರೆಯುವ ಕೆಲಸಕ್ಕೆ ರಜೆ ಹಾಕಿ ಕೂತಿದ್ದಳು. ಯಾವಾಗ ಬರ್ತೀರಮ್ಮ ಎಂದು ಡಾಕ್ಟರು ಕೇಳುವ ದನಿಯಲ್ಲಿ ಮರ್ಯಾದೆ ಹೆಚ್ಚುತ್ತ ಬಂದಿತ್ತು. ಅದು ಒಳ್ಳೆಯ ಲಕ್ಷಣವಲ್ಲವೆಂದು ಅವಳಿಗೆ ಗೊತ್ತಿತ್ತು.

ಮಾವನನ್ನು ನೋಡುತ್ತಿದ್ದ ವೈದ್ಯೆ ಹೇಳಿದ್ದು ಸರಳ. "ಕೈಗೆ ಏನಾದ್ರೂ ಕೆಲಸ ಕೊಡಿ. ಚಿತ್ರದ ತುಂಡು ಜೋಡಿಸೋ ಪಜಲ್ ಇರುತ್ತಲ್ಲ, ಕೊಟ್ಟು ನೋಡಿ. ಎಷ್ಟೋ ಜನ ಸಮಾಧಾನವಾಗಿ ಕೂರ್ತಾರೆ."

ಮಗ ಮೊದಲು ತಂದದ್ದು ಬಲೂನು ಹಿಡಿದ ಮೊಲದ್ದು. ಮಾವ ಅದನ್ನು ತಿರುಗಿಸಿ ನೋಡಿ ಸೊಸೆಯ ಕೈಗಿಟ್ಟರು. "ಯಾರ ಮಗುದಮ್ಮಾ ಇದು? ಮರೆತು ಹೋಗಿದಾರೆ. ಎತ್ತಿಡು, ಅಳ್ತಾ ಬರುತ್ತೆ."

ಎರಡನೆಯದು ದೊಡ್ಡವರದ್ದು. ದಪ್ಪ ಮರದ ತುಂಡುಗಳು, ಬಂದರಿನಲ್ಲಿ ನಿಂತ ದೋಣಿಗಳ ಚಿತ್ರ. ಭಾನುವಾರ ಮಗನೇ ಕೂತು ಹೇಳಿಕೊಟ್ಟ. "ಮೊದಲು ಮೂಲೆ, ಅಪ್ಪ. ಆಮೇಲೆ ಅಂಚು. ಮುಚ್ಚಳದ ಚಿತ್ರ ನೋಡಿ. ಇದು ನೀಲಿ, ಮೇಲೆ ಬರಬೇಕು." ಮಾವ, ಗುರುತಿಲ್ಲದವರ ಮದುವೆ ಫೋಟೋ ನೋಡುವವರಂತೆ ಸೌಜನ್ಯಕ್ಕೆ ಚಿತ್ರ ನೋಡಿದರು. ಮಗ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದೇ ಅವನ ಅನ್ನ. ಮಾವ ತುಂಡು ಎತ್ತಿದಾಗಲೆಲ್ಲ "ಅಲ್ಲ", ಇಟ್ಟಾಗಲೆಲ್ಲ "ಅಲ್ಲ". ಕೊನೆಗೆ ಮಾವ ಎದ್ದು ಹೋಗಿ ಕಿಟಕಿಯ ಕೊಂಡಿಯನ್ನು ಪರೀಕ್ಷಿಸತೊಡಗಿದರು.

ಮಾರನೆಯ ಬೆಳಿಗ್ಗೆ ಮಾವನ ಜೊತೆ ಅವಳೊಬ್ಬಳೇ ಇದ್ದಳು. ಬೀನ್ಸ್ ಬಿಡಿಸಲು ಮೇಜಿಗೆ ಬಂದಾಗ ತುಂಡುಗಳನ್ನು ಸುಮ್ಮನೆ ಮಾವನ ಮುಂದೆ ಒಂದು ಹಲಗೆಯ ಮೇಲೆ ಸುರಿದಳು. ಮುಚ್ಚಳ ಎಲ್ಲಿಟ್ಟಿದೆ ಎಂದು ಹುಡುಕುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಮಾವ ಒಂದು ತುಂಡೆತ್ತಿ ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದರು. ಇನ್ನೊಂದನ್ನು ಎತ್ತಿದರು. ಒಂದರ ಉಬ್ಬನ್ನು ಇನ್ನೊಂದರ ತಗ್ಗಿಗೆ ಒತ್ತಿದರು. ಅರ್ಧ ಹೋಗಿ ನಿಂತಿತು.

"ಅರ ಎಲ್ಲಿ?" ಅಂದರು.

ಅವಳು ತನ್ನ ಉಗುರು ತೀಡುವ ಅರ ತಂದುಕೊಟ್ಟಳು. ಅವರು ಅದನ್ನು ಹಿಂದೆ ಮುಂದೆ ನೋಡಿ ವಾಪಸ್ಸು ಕೊಟ್ಟರು. "ಇದು ಸಿನಿಮಾದವರದ್ದು."

ಅವಳಿಗೆ ನಗು ಬಂತು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಮಾವ ಅವಳೊಂದಿಗೆ ತಮಾಷೆ ಆಡಿದ್ದು ಇಲ್ಲ. ಊಟ ಆಯ್ತಾ, ಬಾಗಿಲು ಹಾಕ್ಕೋ, ಇಷ್ಟರಲ್ಲೇ ಅವರ ಮಾತು ಮುಗಿಯುತ್ತಿತ್ತು. ಗಂಡನಿಗೆ ಕೊಟ್ಟ ಮಾತು ನೆನಪಾಯಿತು. ಆದರೂ ಕುರ್ಚಿ ಹತ್ತಿ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಬೆರಳುದ್ದದ ಒಂದು ಅರ ಮಾತ್ರ ತೆಗೆದು, ಮತ್ತೆ ಬೀಗ ಹಾಕಿದಳು.

ಅರ ಕೈಗೆ ಬಂದದ್ದೇ ಮಾವನ ಬೆನ್ನು ನೆಟ್ಟಗಾಯಿತು. ಒಂದೇ ದಿಕ್ಕಿಗೆ ಎರಡು ಸಲ ಉಜ್ಜುವುದು, ಬಟ್ಟೆಯಲ್ಲಿ ಒರೆಸುವುದು, ಹೆಬ್ಬೆರಳಲ್ಲಿ ನೋಡುವುದು. ಆತುರವಿಲ್ಲ, ಗೊಣಗಾಟವಿಲ್ಲ. ಅರ್ಧ ಬೀನ್ಸ್ ಮುಗಿಯುವಷ್ಟರಲ್ಲಿ ತುಂಡು ಟಕ್ ಎಂದು ಕೂತಿತು. ಅವರು ಅದನ್ನು ಅವಳ ಕಡೆ ಸರಿಸಿದರು.

"ನೋಡಿ ಇನ್‌ಸ್ಪೆಕ್ಟ್ರೇ."

ಅವಳು ನೋಡಿದಳು. ದೋಣಿಯ ಹೊಟ್ಟೆಯೊಳಗೆ ಒಂದು ತುಂಡು ಆಕಾಶ ಕೂತಿತ್ತು. ಇದು ಇಲ್ಲಿಗಲ್ಲ ಮಾವ ಎಂಬ ಮಾತು ತುಟಿಯವರೆಗೂ ಬಂತು. ಮಾವ ಉಸಿರು ಹಿಡಿದು ಕಾಯುತ್ತಿದ್ದರು. ಅವಳು ಬೆರಳಿಟ್ಟು ಸವರಿದಳು. ಕ್ಲಿನಿಕ್ಕಿನಲ್ಲಿ ಹಲ್ಲು ತುಂಬಿಸಿಕೊಂಡವರ ನಾಲಿಗೆಗೆ ಮರಳಿನ ಕಣದಷ್ಟು ಎತ್ತರವೂ ಬೆಟ್ಟವಾಗುವುದನ್ನು ಅವಳು ದಿನಾ ನೋಡಿದವಳು. ಇಲ್ಲಿ ಬೆರಳಿಗೆ ಏನೂ ತಗಲಲಿಲ್ಲ. ಎಲ್ಲಿ ದೋಣಿ ಮುಗಿದು ಎಲ್ಲಿ ಆಕಾಶ ಶುರುವಾಯಿತು ಎಂಬುದನ್ನು ಕಣ್ಣಷ್ಟೇ ಹೇಳಬೇಕಿತ್ತು.

"ಪಾಸ್," ಅಂದಳು.

"ಬರ್ಕೊಳ್ಳಿ," ಅಂದು ಅವರು ಮುಂದಿನ ತುಂಡೆತ್ತಿದರು.

ಅಂದಿನಿಂದ ಬೆಳಿಗ್ಗೆ ಚಹಾ ಆದ ಕೂಡಲೇ ಮಾವ ಕೈ ತೊಳೆದು ಮೇಜಿಗೆ ಬರುತ್ತಿದ್ದರು. ನಲ್ಲಿಗಳು ಬದುಕಿಕೊಂಡವು. ಒಂದೊಂದು ದಿನ ಒಂದೇ ತುಂಡಿನಲ್ಲಿ ಬೆಳಗು ಕಳೆಯುತ್ತಿತ್ತು. ನಿನ್ನೆ ಕೂರಿಸಿದ್ದನ್ನು ಇಂದು ಬಿಚ್ಚಿ ಮತ್ತೆ ಉಜ್ಜಿದ್ದೂ ಉಂಟು. ಸಂಜೆ ಗಂಡ ಬರುವ ಹೊತ್ತಿಗೆ ಅವಳು ಹಲಗೆಯ ಮೇಲೆ ಟವೆಲ್ಲು ಮುಚ್ಚಿ ಮಂಚದ ಕೆಳಗೆ ತಳ್ಳುತ್ತಿದ್ದಳು. ಅದು ಕಳ್ಳತನವಲ್ಲದಿದ್ದರೂ ಮೇಜಿನ ಮೇಲೆ ಉಳಿದ ಮರದ ಪುಡಿಯನ್ನು ಕಳ್ಳರ ಹಾಗೇ ಒರೆಸಿಹಾಕುತ್ತಿದ್ದಳು.

ಶನಿವಾರ ಪ್ರೆಸ್ಸಿನಲ್ಲಿ ಕರೆಂಟು ಹೋಗಿ ಗಂಡ ಮಧ್ಯಾಹ್ನವೇ ಬಂದ. ಮೇಜಿನ ಮುಂದೆ ನಿಂತು ಬಹಳ ಹೊತ್ತು ನೋಡಿದ. ನೀರಿನ ನಡುವೆ ಮೋಡ, ಮೋಡದ ನಡುವೆ ಯಾರದೋ ಟೋಪಿ.

"ಅಪ್ಪ, ಇದು ಆಕಾಶ. ಇಲ್ಲಿರೋದು ದೋಣಿ. ಚಿತ್ರ ನೋಡಿ ಒಂದು ಸಲ."

"ಚಿತ್ರ ಪೇಂಟರ್ ಕೆಲಸ," ಅಂದರು ಮಾವ ಅರ ನಿಲ್ಲಿಸದೆ. "ನಮ್ಮ ಖಾತೆ ಅಲ್ಲ."

"ಹಾಗಲ್ಲಪ್ಪ, ತಪ್ಪಾಗಿದೆ." ಮಗ ಬಗ್ಗಿ ಆಕಾಶದ ತುಂಡನ್ನು ಉಗುರಿನಿಂದ ಮೀಟಿದ. ಅದು ಸುಲಭಕ್ಕೆ ಬರಲಿಲ್ಲ. ಜೋರಾಗಿ ಎಳೆದಾಗ ತುದಿ ಸ್ವಲ್ಪ ಸೀಳಿಕೊಂಡೇ ಬಂತು.

ಮಾವನ ಮುಖ ಕೆಂಪಗಾಯಿತು. "ಯಾರು ನೀನು? ಪಾಸಾದ ಜಾಬಿಗೆ ಕೈ ಹಾಕು ಅಂತ ಯಾರು ಹೇಳಿದ್ದು ನಿಂಗೆ?" ಮೇಜಿಗೆ ಅಂಗೈಯಿಂದ ಬಡಿದರು. ತುಂಡುಗಳು ನೆಲಕ್ಕೆ ಹಾರಿದವು. ಅವರು ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ನಲ್ಲಿಯನ್ನು ಏನೋ ಕುಟ್ಟುವ ಸದ್ದು ಶುರುವಾಯಿತು.

"ಅರ ಯಾಕೆ ಕೊಟ್ಟೆ?" ಅಂದ ಮಗ. ದನಿಯಲ್ಲಿ ಸಿಟ್ಟಿಗಿಂತ ಸುಸ್ತಿತ್ತು.

"ಅದು ಕೊಟ್ಟ ಮೇಲೇ ನೀರು ಸುರಿಯೋದು ನಿಂತಿದ್ದು."

"ಅವರು ತಪ್ಪು ಕೆಲಸ ಮಾಡಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ಕಣೆ. ಸೈಕಲ್ ಬೆಲ್ ಕೂಡ ಓರೆ ಕೂರಿಸಿದೋರಲ್ಲ. ಈಗ ಇದನ್ನ ಮಾಡಿ ಇಟ್ಟು, ನೀನು ಪಾಸ್ ಅಂತೀಯ, ಅವರು ಖುಷಿ ಪಡ್ತಾರೆ. ನಂಗೆ ನೋಡಕ್ಕಾಗಲ್ಲ."

"ನೋಡಬೇಡಿ. ಮುಟ್ಟಿ."

"ಏನು?"

"ಮುಟ್ಟಿ ನೋಡಿ ರೀ, ಅಂದೆ."

ಅವನು ಮೇಜಿಗೆ ಬಗ್ಗಿ, ಹಲಗೆಯ ಮೇಲೆ ಇನ್ನೂ ಕೂತಿದ್ದ ತುಂಡುಗಳ ಮೇಲೆ ತೋರುಬೆರಳನ್ನಿಟ್ಟ. ಬೆರಳು ಈ ತುದಿಯಿಂದ ಆ ತುದಿಗೆ ಹೋಯಿತು, ತಿರುಗಿ ಬಂತು. ಕರಡಿನ ಸಾಲಿನ ಮೇಲೆ ಹೋಗುವಂತೆಯೇ ಹೋಯಿತು. ಎಲ್ಲೂ ನಿಲ್ಲಲಿಲ್ಲ. ಅವನು ಮತ್ತೊಮ್ಮೆ ಸವರಿದ. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡ. ಬಹಳ ಹೊತ್ತು ಒರೆಸಿದ.

ಅಡುಗೆಮನೆಯಲ್ಲಿ ಕುಟ್ಟುವ ಸದ್ದು ನಿಂತಿರಲಿಲ್ಲ. ಅವನು ಎದ್ದು ಹೋದ. ಇನ್ನೊಂದು ಜಗಳ ಬಂತು ಎಂದು ಅವಳು ಹಜಾರದಲ್ಲೇ ಕಿವಿಗೊಟ್ಟು ನಿಂತಳು.

"ಮೇಜಿನ ಮೇಲೆ ಕೆಲಸ ಬಾಕಿ ಇದೆ," ಅನ್ನುತ್ತಿದ್ದ ಮಗ.

"ನೀನ್ಯಾರು?"

ಸಿಂಕಿಗೆ ತೊಟ್ಟು ತೊಟ್ಟಾಗಿ ಬೀಳುವ ನೀರಷ್ಟೇ ಕೇಳುತ್ತಿತ್ತು.

"ಹೊಸಬ," ಅಂದ. "ಇವತ್ತು ಸೇರಿದ್ದು."

"ಅದಕ್ಕೇ ಮತ್ತೆ." ಮಾವನ ದನಿ ಇಳಿದಿತ್ತು. "ಗೊತ್ತಿಲ್ಲದೆ ಎಳೆದುಬಿಟ್ಟೆ ನೀನು. ಹಾಗೆ ಎಳೀಬಾರದು. ಬಾ, ತೋರಿಸ್ತೀನಿ."

ಆ ಸಂಜೆ ಊಟಕ್ಕೆ ಕೂತಾಗ ಗಂಡ ಅನ್ನ ಕಲಸುತ್ತಲೇ ಇದ್ದ. ಅವಳು ಸಾರು ಬಡಿಸಿದಳು. ಸೋಮವಾರ ಅವನು ಊರಾಚೆಯ ಮನೆಗೆ ಫೋನು ಮಾಡಿ ಸದ್ಯಕ್ಕೆ ಹಾಸಿಗೆ ಬೇಡ ಅಂದ. ಪ್ರೆಸ್ಸಿನಲ್ಲಿ ಕಾಡಿ ಬೇಡಿ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡ. ಬೆಳಗಿನ ಹೊತ್ತು ಅವಳು ಮತ್ತೆ ಕ್ಲಿನಿಕ್ಕಿಗೆ ಹೋಗತೊಡಗಿದಳು. ಈ ಏರ್ಪಾಡು ಎಷ್ಟು ದಿನ ನಡೆದೀತು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಕೈಯೂ ಒಂದು ದಿನ ಮರೆಯುತ್ತದೆ ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆಗಲೇ ಒಮ್ಮೊಮ್ಮೆ ಮಾವ ಅರ ಹಿಡಿದುಕೊಂಡು, ಯಾಕೆ ಹಿಡಿದೆ ಎಂಬಂತೆ ಅದನ್ನೇ ನೋಡುತ್ತ ಕೂತುಬಿಡುತ್ತಿದ್ದರು. ಆಗ ಮಗ ತನ್ನ ತುಂಡನ್ನು ಮುಂದೆ ಚಾಚಿ "ಇದು ಸರಿ ಇದೆಯಾ?" ಎಂದು ಕೇಳಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಬ್ಯಾಗು ಹೆಗಲಿಗೇರಿಸಿ ಹೊರಟವಳು ಬಾಗಿಲಲ್ಲಿ ನಿಂತಳು. ಮಗ ಉಜ್ಜಿ ಕೊಟ್ಟ ತುಂಡನ್ನು ಮಾವ ಇನ್ನೊಂದರ ಪಕ್ಕ ಸೇರಿಸಿ, ಎರಡನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದರು. ಒಂದು ಕಣ್ಣು ಮುಚ್ಚಿ ಸಂದಿನಲ್ಲಿ ನೋಡಿದರು. ಆಗಿಲ್ಲವೆಂಬಂತೆ ತಲೆಯಾಡಿಸಿ ತುಂಡನ್ನು ವಾಪಸ್ಸು ಕೊಟ್ಟರು. ಮಗ ಮತ್ತೆ ಉಜ್ಜತೊಡಗಿದ. ಅವನ ಅಂಗಿಯ ತೋಳು ಮರದ ಪುಡಿಯಿಂದ ಬೆಳ್ಳಗಾಗಿತ್ತು. ಸ್ವಲ್ಪ ಹೊತ್ತು ನೋಡಿದ ಮಾವ ಅವನ ಕೈ ಹಿಡಿದು ನಿಲ್ಲಿಸಿದರು, ಅಂಗೈ ಮೇಲಾಗುವಂತೆ ತಿರುಗಿಸಿದರು, ಬಗ್ಗಿ ಬೆರಳ ತುದಿಗಳ ಮೇಲಿದ್ದ ಪುಡಿಯನ್ನು ಮೆಲ್ಲಗೆ ಊದಿದರು.