ವಾರ್ನಿಶ್ ಒಣಗುವ ತನಕ

ಮರದ ನೆಲಕ್ಕೆ ವಾರ್ನಿಶ್ ಹಚ್ಚುವವರು ಒಳಮೂಲೆಯಿಂದ ಶುರುಮಾಡಿ ಬಾಗಿಲಿಗೆ ಬಂದು ಮುಗಿಸಬೇಕು. ಇದನ್ನು ತಿಳಿಯಲು ಪಾಲಿಶ್ ಕೆಲಸವೇ ಗೊತ್ತಿರಬೇಕೆಂದಿಲ್ಲ, ನೆಲ ಸಾರಿಸುವ ಯಾವ ಹೆಂಗಸಿಗೂ ಗೊತ್ತು. ನನ್ನ ಗಂಡ ಯಾಕೂಬಸಾಬ ಬೈಲಹೊಂಗಲದಲ್ಲಿ ಅದೇ ಕೆಲಸ ಮಾಡಿಕೊಂಡು ಬಂದವನು. ಆದರೂ ಆ ದಿನ ಬಾಗಿಲಿಂದ ಶುರುಮಾಡಿದ.

ಅರ್ಧ ತಪ್ಪು ಮನೆ ಯಜಮಾನ ಶಟ್ಟೆಪ್ಪನದು. ಹಳೇ ವಾಡೆಯನ್ನು ದುರಸ್ತಿ ಮಾಡಿಸುತ್ತಿದ್ದ. ಮೇಲಿನ ಖೋಲಿಗೆ ಪೂರ್ತಿ ಸಾಗವಾನಿ ಹಲಗೆಯ ನೆಲ. ಕರೀ ಜಿಡ್ಡು ಕೆರೆದು, ಪಾಲಿಶ್ ಕಾಗದದಿಂದ ತಿಕ್ಕಿ ತಿಕ್ಕಿ ನನ್ನ ಗಂಡನ ಅಂಗೈ ಸುಲಿದಿತ್ತು. ಹಲಗೆ ಬೆಲ್ಲದ ಬಣ್ಣಕ್ಕೆ ಬಂದ ಮೇಲೆ ಶಟ್ಟೆಪ್ಪ ಊದಿನಕಡ್ಡಿ ಹಿಡಿದು ಬಂದ.

"ಯಾಕೂಬಸಾಬ, ಶುಭದ ಕೆಲಸ ಐತಿ. ಮೊದಲನೇ ಕೈ ಹೊಸ್ತಲದ ಹಂತ್ಯಾಕ ಬೀಳ್ಲಿ."

"ಆತ್ರಿ ಯಜಮಾನ್ರ" ಎಂದು ಈತ ಹೊಸ್ತಿಲ ಪಕ್ಕದಲ್ಲೇ ಬ್ರಶ್ ಎಳೆದ. ಶಟ್ಟೆಪ್ಪ ಕೆಳಗಿಳಿದ. ಅಷ್ಟಕ್ಕೆ ಬಿಟ್ಟು ಒಳಮೂಲೆಗೆ ಹೋಗಬೇಕಿತ್ತು. ಹೋಗಲಿಲ್ಲ, ಅವನ ತಲೆ ಬೇರೆಲ್ಲೋ ಇತ್ತು.

ನಾನು ಅವನ ಬೆನ್ನ ಹಿಂದೆ ಬಟ್ಟೆಯಿಂದ ಧೂಳು ಒರೆಸುತ್ತಿದ್ದೆ. ಬ್ರಶ್ ಆಡಿಸುತ್ತಲೇ ಮೆಲ್ಲಗೆ ಅಂದ: "ಇವತ್ತ ಸಂಜಿಗೆ ಆಪಾ ಬರಾಕ ಹತ್ಯಾಳ. ಹಿನಾಗ ಸಕ್ಕರಿ ತಿನಸ್ತಾಳ."

ಆಪಾ ಅಂದರೆ ಕಿತ್ತೂರಲ್ಲಿರುವ ಇವನ ಅಕ್ಕ. ತನ್ನ ಮಗನಿಗೆ ನಮ್ಮ ಮಗಳು ಹಿನಾಕೌಸರಳನ್ನು ಕೇಳುತ್ತಿದ್ದಳು. ಹಿನಾ ಆಗ ಡಿ.ಎಡ್. ಓದುತ್ತಿದ್ದಳು. ಮದುವೆ ಬೇಡ ಎಂದು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದಳು. ನಮ್ಮಲ್ಲಿ ಹುಡುಗಿಯ ಬಾಯಿಗೆ ಸಕ್ಕರೆ ಬಿತ್ತೆಂದರೆ ಮುಗಿಯಿತು, ಆಮೇಲೆ ಯಾರೂ ಮಾತು ತಿರುಗಿಸುವ ಹಾಗಿಲ್ಲ.

"ನನ್ನ ಒಂದ್ ಮಾತ್ ಕೇಳಬಾರದೇನ್ರಿ?"

"ಕೇಳಿದ್ರ ನೀ ಒಲ್ಲೆ ಅಂತಿದ್ದಿ."

"ನಾವಿಬ್ರೂ ಇಲ್ಲಿದ್ರ ಮನ್ಯಾಗ ಮಾತ್ ಮುಗಸಾವ್ರು ಯಾರು?"

"ನಮ್ಮ ಅಮ್ಮಾ ಅದಾಳಲ್ಲ."

ಆಗ ತಿಳಿಯಿತು. ಎಂದೂ ಇಲ್ಲದ್ದು ಇವತ್ತು ನನ್ನನ್ನು ಕೆಲಸಕ್ಕೆ ಕರೆದದ್ದು ಧೂಳು ಒರೆಸಲಿಕ್ಕಲ್ಲ, ಮನೆಯಿಂದ ದೂರ ಇಡಲಿಕ್ಕೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ತಲೆ ತಗ್ಗಿಸಿ ಬ್ರಶ್ ಎಳೆಯುತ್ತ ಹಿಂದೆ ಸರಿದ, ನಾನು ಬೈಯುತ್ತ ಒರೆಸುತ್ತ ಹಿಂದೆ ಸರಿದೆ. ಬೆನ್ನಿಗೆ ಕಿಟಕಿಯ ಸರಳು ತಾಗಿದಾಗಲೇ ಇಬ್ಬರೂ ತಲೆ ಎತ್ತಿದ್ದು. ಇದ್ದ ಒಂದೇ ಬಾಗಿಲು ಅತ್ತ, ನಾವು ಇತ್ತ, ನಡುವೆ ಹಸಿ ನೆಲ. ನಮಗೆ ಉಳಿದದ್ದು ಒಂದು ಚಾಪೆಯಷ್ಟು ಜಾಗ. ನನಗೆ ಒಡ್ಡಿದ ಬಲೆಗೆ ತಾನೂ ಬಿದ್ದಿದ್ದ.

ಜಗಳ ಕೇಳಿ ಬಂದ ಶಟ್ಟೆಪ್ಪ ಹೊಸ್ತಿಲಾಚೆ ನಿಂತು ಎರಡೂ ಕೈ ಎತ್ತಿದ. "ಏ, ಕಾಲ್ ಇಡಬ್ಯಾಡ್ರಿ! ಒಣಗೂ ತನಕ ಅಲ್ಲೇ ಕುಂದರ್ರಿ!"

ಬಿಸಿಲು ಇಳಿಯಿತು. ವಾಸನೆಗೆ ತಲೆ ಸುತ್ತುತ್ತಿತ್ತು. ಕಾಲು ಚಾಚುವಂತಿಲ್ಲ, ಮೊಣಕಾಲು ಎದೆಗೊತ್ತಿ ಕೂತಿದ್ದೆ. ಕಿಟಕಿಯಿಂದ ನಮ್ಮ ಓಣಿ ಕಾಣುತ್ತಿತ್ತು. ಆಪಾ ಕೈಚೀಲ ಹಿಡಿದು ಓಣಿಯೊಳಗೆ ಹೊರಳಿದ್ದನ್ನು ಸರಳು ಹಿಡಿದು ನೋಡಿದೆ. ಕೂಗಿದರೆ ಹಿನಾಗೆ ಕೇಳದು. ಆಗ ನಮ್ಮ ಕೈಗೆ ಮೊಬೈಲೂ ಬಂದಿರಲಿಲ್ಲ.

"ಆಪಾಗ ಒಲ್ಲೆ ಅನ್ನಾಕ ನನಗ ಬಾಯಿ ಬರೂದಿಲ್ಲ, ರಹೀಮಬಿ" ಎಂದ ಗಂಡ. "ಇಲ್ಲಿ ಸಿಕ್ಕೊಂಡಿದ್ದ ಚಲೋ ಆತು."

ಆ ಮಾತಿಗೆ ನಾನು ಎದ್ದೆ. ಸೀರೆ ಎತ್ತಿ ಸಿಕ್ಕಿಸಿ ಹಸಿ ನೆಲದ ಮೇಲೆ ನಡೆದೆ. ಹೆಜ್ಜೆ ಹೆಜ್ಜೆಗೂ ಹಲಗೆ ಕಾಲು ಹಿಡಿದೆಳೆಯಿತು. ಹೊಸ್ತಿಲಾಚೆ ಕಾಯುತ್ತಿದ್ದ ಶಟ್ಟೆಪ್ಪ ಹಣೆ ಬಡಿದುಕೊಂಡ. ಹೊಸ್ತಿಲು ದಾಟಿ ತಿರುಗಿ ನೋಡಿದೆ. ನನ್ನ ಗಂಡ ಬ್ರಶ್ ಅದ್ದಿ, ಕೈಗೆಟುಕಿದ ನನ್ನ ಹೆಜ್ಜೆಗಳನ್ನು ಅಳಿಸುತ್ತಿದ್ದ.

ಮನೆಗೆ ಬಂದಾಗ ಹಿನಾ ಜಮಖಾನೆಯ ಮೇಲೆ ತುಟಿ ಬಿಗಿದು ಕೂತಿದ್ದಳು. ನನ್ನ ಅತ್ತೆ ಅವಳ ಗದ್ದ ಹಿಡಿದಿದ್ದಳು. ಆಪಾಳ ಬೆರಳಲ್ಲಿ ಸಕ್ಕರೆ. ವಾರ್ನಿಶ್ ಅಂಟಿದ ಕಾಲಲ್ಲೇ ಹೋಗಿ ಆ ಕೈ ಹಿಡಿದೆ.

"ಹುಡುಗಿ ಒಲ್ಲೆ ಅಂದಾಳ್ರಿ. ನಾನೂ ಒಲ್ಲೆ."

ಆಪಾ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. "ನನ್ನ ತಮ್ಮ ಎಲ್ಲಿ?"

"ಶಟ್ಟೆಪ್ಪನವರ ಖೋಲ್ಯಾಗ ಒಣಗಾಕ ಹತ್ಯಾರ್ರಿ, ಆಪಾ" ಎಂದೆ.