ಮಕ್ಕಳ ಕೋರ್ಟಿನ ಹೊರಗೆ

ಆರೋಪಿಯ ತಾಯಿಯೇ ಕೋರ್ಟಿನ ಕತೆ ಹೇಳಹೊರಟರೆ ಯಾರು ನಂಬುತ್ತಾರೆ? ನಂಬದಿದ್ದರೂ ಬೇಸರವಿಲ್ಲ. ಹೇಳುವ ಧೈರ್ಯ ಮಾಡಿದ್ದಕ್ಕೆ ಮಾತ್ರ ಕ್ಷಮಿಸಿ.

ಸ್ಕೂಲ್ ಬಸ್ಸಿನಲ್ಲಿ ಅಳುತ್ತಿದ್ದ ಮಾನ್ಯಳ ವಿಡಿಯೊ ತೆಗೆದು ನನ್ನ ಮಗಳು ಪರ್ಲ್ ಕ್ಲಾಸಿನ ಗ್ರೂಪಿಗೆ ಹಾಕಿದ್ದಳು. ಈ ಗಲ್ಫ್ ದೇಶದಲ್ಲಿ ಅದು ಪೊಲೀಸರವರೆಗೆ ಹೋಗಬಹುದಾದ ವಿಷಯ. ಮಾನ್ಯಳ ತಂದೆ ದ್ವಾರಕನಾಥರು ಅಲ್ ನಹ್ದಾದ ನಮ್ಮ ಬಿಲ್ಡಿಂಗಿನವರೇ. ಲಿಫ್ಟಿನಲ್ಲಿ ಸಿಕ್ಕಾಗ ನನ್ನ ಮುಖ ನೋಡದೆ ಹೇಳಿದರು: "ಸ್ಕೂಲಲ್ಲಿ ಮಕ್ಕಳದೇ ಕೋರ್ಟ್ ಇದೆಯಂತೆ. ಅಲ್ಲಿ ನನ್ನ ಮಗಳಿಗೆ ಸಮಾಧಾನ ಆದ್ರೆ ಸರಿ. ಇಲ್ದಿದ್ರೆ ಕಂಪ್ಲೇಂಟ್ ಕೊಡೋದೇ, ಮೇಡಂ."

ಅಂದಿನಿಂದ ನನಗೆ ಊಟ ಸೇರಲಿಲ್ಲ. ಇಂಗ್ಲಿಷಿನಲ್ಲಿ ಕ್ಷಮಾಪಣೆಯನ್ನು ನಾನೇ ಬರೆದೆ, ತಿದ್ದಿದೆ, ಪರ್ಲ್‌ಗೆ ಬಾಯಿಪಾಠ ಮಾಡಿಸಿದೆ.

"ಮಮ್ಮಿ, ಐ ಡೋಂಟ್ ಟಾಕ್ ಲೈಕ್ ದಿಸ್."

"ಸುಮ್ಮನೆ ಹೇಳು ಮಾರಾಯ್ತಿ! ವೀಸಾ ಹೋದರೆ ಎಂತ ಮಾಡುವುದು?"

ಕೋರ್ಟ್ ನಡೆದದ್ದು ಆರ್ಟ್ ರೂಮಿನಲ್ಲಿ. ಜಡ್ಜ್ ಹನ್ನೊಂದನೇ ಕ್ಲಾಸಿನ ನಿಖಿಲ್. ಪಕ್ಕದಲ್ಲಿ ಇಬ್ಬರು ಹುಡುಗಿಯರು. ಹೆತ್ತವರು ಹಿಂದೆ ಕೂರಬಹುದು, ಮಾತಾಡುವಂತಿಲ್ಲ. ಪರ್ಲ್ ಒಪ್ಪಿಸತೊಡಗಿದಳು. ಎರಡು ವಾಕ್ಯ ಮುಗಿಯುವಷ್ಟರಲ್ಲಿ ನಿಖಿಲ್ ಕೈಯೆತ್ತಿದ.

"ಒಂದ್ನಿಮಿಷ. ಇದು ಆಂಟಿ ಬರೆದಿದ್ದಲ್ವಾ? ಲೀವ್ ಲೆಟರ್ ಥರ ಇದೆ."

ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ಎದ್ದುನಿಂತೆ. "ಅವಳು ಒಳ್ಳೆ ಹುಡುಗಿ ಮಗಾ, ನಾನೇ..."

"ಸಾರಿ ಆಂಟಿ, ನೀವು ಮಾತಾಡೋ ಹಾಗಿಲ್ಲ."

ಎಲ್ಲ ನಾನೇ ಕೆಡಿಸಿದೆ ಅನ್ನಿಸಿತು. ಆಗ ಮಾನ್ಯ ಮೊದಲ ಸಲ ಬಾಯಿ ತೆರೆದಳು: "ದೊಡ್ಡೋರೆಲ್ಲ ಹೊರಗೆ ಹೋಗ್ಲಿ. ಅಪ್ಪ, ನೀನೂ."

ಕಾರಿಡಾರಿನಲ್ಲಿ ದ್ವಾರಕನಾಥರು ಅತ್ತಿಂದಿತ್ತ ನಡೆದರು. ನಾನು ಗೋಡೆಯ ಮೇಲಿದ್ದ ಬೆಂಕಿ ಸುರಕ್ಷತೆಯ ಸೂಚನೆಯನ್ನು ಮತ್ತೆ ಮತ್ತೆ ಓದಿದೆ. ಒಳಗೆ ಪರ್ಲ್‌ಳ ದನಿ ಏರಿತು, ಕುರ್ಚಿ ಎಳೆದ ಸದ್ದು, ಆಮೇಲೆ ಅಳು. ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ. ಅವರು ಬಾಗಿಲ ಹಿಡಿಕೆಗೆ ಕೈಹಾಕಿದರು.

"ಬೇಡ ಸರ್," ಅಂದೆ.

ಅವರು ನನ್ನನ್ನು ನೋಡಿದರು. ಕೈ ತೆಗೆದರು.

ಬಾಗಿಲು ತೆರೆದಾಗ ಪರ್ಲ್, ಮಾನ್ಯ ಇಬ್ಬರ ಕಣ್ಣೂ ಕೆಂಪಾಗಿದ್ದವು. ಟರ್ಮ್ ಮುಗಿಯುವವರೆಗೆ ಪರ್ಲ್ ಬಸ್ಸಿನಲ್ಲಿ ಫೋನ್ ಮುಟ್ಟಬಾರದು, ಮುಂದಿನ ಕೇಸಿನಲ್ಲಿ ಅವಳೂ ತೀರ್ಪು ಕೊಡಲು ಕೂರಬೇಕು ಎಂದು ನಿಖಿಲ್ ಹೇಳಿದ. ದ್ವಾರಕನಾಥರು ಮಗಳನ್ನೇ ನೋಡುತ್ತಿದ್ದರು.

"ಖಲಾಸ್ ಅಪ್ಪ. ಕಂಪ್ಲೇಂಟ್ ಬೇಡ."

ಬಸ್ಸಿನಲ್ಲಿ ಅವರಿಬ್ಬರೂ ಈಗಲೂ ಬೇರೆ ಬೇರೆ ಸೀಟಿನಲ್ಲೇ ಕೂರುತ್ತಾರಂತೆ. ಒಳಗೆ ಏನು ಹೇಳಿದೆ ಎಂದು ಕೇಳಿದರೆ ಪರ್ಲ್, "ಮಮ್ಮಿ, ಪ್ಲೀಸ್," ಎಂದು ಎದ್ದುಹೋಗುತ್ತಾಳೆ. ನಾನು ಬರೆದುಕೊಟ್ಟದ್ದನ್ನಂತೂ ಹೇಳಿರಲಿಕ್ಕಿಲ್ಲ. ಏನು ಹೇಳಿದಳೋ, ನನಗೆ ಗೊತ್ತಿಲ್ಲ.