ತಲೆಗೊಂದು ಲೋಟ

ಸಾವಾದ ಮನೆಯಲ್ಲಿ ಸೀದ ಪಾತ್ರೆಯ ಮಾತೆತ್ತಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ವೈಕುಂಠ ಸಮಾರಾಧನೆ ಮುಗಿದು, ಬಂದ ನೆಂಟರೆಲ್ಲ ಹೊರಟ ಮೇಲೆ, ಪಕ್ಕದ ಮನೆಯ ವಾಣಿಶ್ರೀ ಎತ್ತಿಯೇಬಿಟ್ಟಳು.

“ತುಂಗಾ ಆಂಟಿ, ಆ ಬೋಗಣಿ ಅವತ್ತ ನಿಮ್ಮ ಗರಾಜಿನ್ಯಾಗ ಇಟ್ಟೇನ್ರಿ. ಹಂಗ ಬಿಟ್ರ ಇನ್ನೂ ಗಟ್ಟಿ ಹಿಡೀತದ. ತೊಳದ್ಬಿಡ್ರಿ.”

“ಹೂಂ” ಅಂದಳು ತುಂಗಾ. ಈಚೆಗೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಬಂದವರೆಲ್ಲ ತುಂಗಾ ಗಟ್ಟಿಗಿತ್ತಿ, ಒಂದು ಹನಿ ಕಣ್ಣೀರು ಹಾಕಲಿಲ್ಲ ಅಂತ ಹೊಗಳಿ ಹೋಗಿದ್ದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೆ. ಅಳು ಬರದವರನ್ನು ಧೈರ್ಯವಂತರು ಅನ್ನುವುದು ನಮ್ಮ ಜನಕ್ಕೆ ಒಂದು ಚಟ.

ನಡೆದದ್ದು ಇಷ್ಟು. ಮೂರು ಗಂಟೆ ಡ್ರೈವಿನ ದೂರದ ಕ್ಲಿಯರ್ ಲೇಕ್ ಊರಿನಲ್ಲಿ ತಂಗಿ ಕೋಕಿಲಾಳ ಮೊಮ್ಮಗುವಿಗೆ ನಾಮಕರಣ. ಗಂಡ ಚಂದ್ರಮೋಹನ ಬರುವುದಿಲ್ಲ ಅಂದರು, ಕಾರಣ ಹೇಳಲಿಲ್ಲ. ತುಂಗಾಗೆ ರೇಗಿತು. “ನೀವು ಬಂದರೆಷ್ಟು, ಬಿಟ್ಟರೆಷ್ಟು!” ಅಂತ ಹೇಳಿ, ಭಾನುವಾರ ಬರುತ್ತೇನೆಂದು ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದಳು. ಶನಿವಾರ ಬೆಳಿಗ್ಗೆ ಯಾಕೋ ಮನಸ್ಸು ತಡೆಯದೆ ಫೋನ್ ಮಾಡಿದಳು. “ಇವತ್ತೇ ಹೊರಟೆ. ಮಧ್ಯಾಹ್ನ ಊಟಕ್ಕೆ ಮನೇಲಿರ್ತೀನಿ.” ಆ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ಫೋನ್ ಕಟ್ಟಾಯಿತು.

ಅವಳು ಇನ್ನೂ ದಾರಿಯಲ್ಲಿದ್ದಾಗಲೇ ಇತ್ತ ಸೀಡರ್ ಪಾರ್ಕಿನ ತಮ್ಮ ಮನೆಯಲ್ಲಿ ಹೊಗೆಯ ಅಲಾರಾಂ ಕಿರುಚಿಕೊಂಡಿತ್ತು. ವಾಣಿಶ್ರೀ ತನ್ನ ಹತ್ತಿರವಿದ್ದ ಬೀಗದಕೈ ಹಿಡಿದು ಓಡಿ ಬಂದು ಮೊದಲು ಒಲೆ ಆರಿಸಿದಳು. ಆಮೇಲೆ ಸೋಫಾಕ್ಕೆ ಒರಗಿದ್ದವರನ್ನು ನೋಡಿ, “ಏನ್ರಿ ಅಂಕಲ್, ಒಲಿ ಮ್ಯಾಲ ಇಟ್ಟು ಮಲಗೀರಲ್ಲ?” ಅಂತ ಗದರಿದ್ದಳಂತೆ ಪಾಪ. ಹೃದಯ ಅದಾಗಲೇ ನಿಂತಿತ್ತು.

ಹೋದವರು ಹೋದರು. ಅದು ತುಂಗಾಗೆ ಗೊತ್ತಿತ್ತು, ತಲೆಗೆ ಮಾತ್ರ. ಮರಗಟ್ಟಿದ ಎದೆಯಲ್ಲಿ ಒಂದೇ ಒಂದು ಮುಳ್ಳು ಕುಟುಕುತ್ತಿತ್ತು. ಆ ಮನುಷ್ಯ ತನ್ನ ಮಾತು ಕೇಳಿಸಿಕೊಂಡು ಫೋನ್ ಇಟ್ಟರೋ, ಕೇಳಿಸಿಕೊಳ್ಳದೆಯೇ ಕಟ್ ಮಾಡಿದರೋ? ‘ಬಿಟ್ಟರೆಷ್ಟು’ ಅನ್ನುವುದೇ ಅವರ ಕಿವಿಗೆ ಬಿದ್ದ ತನ್ನ ಕೊನೆಯ ಮಾತೋ? ಇದನ್ನು ಯಾರನ್ನು ಕೇಳುವುದು?

ತಾನಿರುವ ಮರ್ಫಿ ಊರಿನಿಂದ ಬಂದು ಇನ್ನೂ ಜೊತೆಗಿದ್ದ ಮಗಳು ದಿಯಾ ಗರಾಜಿನಿಂದ ಪಾತ್ರೆ ತಂದಳು. ತಳ ಇದ್ದಿಲಾಗಿತ್ತು. ಸುಟ್ಟ ಬೇಳೆಯ ನಡುವೆ ಸಾಸಿವೆ ಇನ್ನೂ ಕಾಣುತ್ತಿತ್ತು. ಸಾರು. ಚಂದ್ರಮೋಹನರಿಗೆ ಮಾಡಲು ಬರುತ್ತಿದ್ದದ್ದೂ ಅದೊಂದೇ.

“ಅಮ್ಮಾ, ಜಸ್ಟ್ ಥ್ರೋ ಇಟ್. ನ್ಯೂ ಒನ್ ತಗೊಳ್ಳೋಣ.”

“ಸ್ಟೀಲ್ ಪಾತ್ರಿ ಯಾರಾರ ಎಸೀತಾರೇನವಾ?” ವಾಣಿಶ್ರೀ ಸೆರಗಿಲ್ಲದಿದ್ದರೂ ಸೊಂಟಕ್ಕೆ ಸಿಕ್ಕಿಸಿದವಳಂತೆ ಮುಂದೆ ಬಂದಳು. “ಕರೀದು ಮುಳುಗೂವಷ್ಟ ನೀರು ಹಾಕು, ಹೆಚ್ಚಿಗಿ ಬ್ಯಾಡ. ಒಂದು ಮುಷ್ಟಿ ಅಡಗಿ ಸೋಡಾ ಹಾಕಿ ಕುದಸು. ಆರಿದ ಮ್ಯಾಲ ಕಟಗಿ ಸೌಟಿನಿಂದ ಕೆರಿ. ಉಕ್ಕಿನ ನಾರು ಮಾತ್ರ ಹಚ್ಚಬ್ಯಾಡ, ಗೀರು ಬೀಳ್ತಾವ.” ಹೇಳಿ, ಮಕ್ಕಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಡಬೇಕೆಂದು ಹೊರಟುಹೋದಳು.

ಸೋಡಾ ನೀರು ಕುದಿಯಿತು. ತುಂಗಾ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ಕರಿಯ ಹಕ್ಕಳೆಗಳು ಒಂದೊಂದೇ ಎದ್ದು ತೇಲಿದವು. ಸುಟ್ಟ ವಾಸನೆಯ ಹಿಂದೆ ಚೂರೇ ಚೂರು ಇಂಗು ಮೂಗಿಗೆ ಬಂತು. ಬಂತು, ಅಷ್ಟೆ. ಅದಕ್ಕೂ ಅವಳಿಗೆ ಏನೂ ಅನ್ನಿಸಲಿಲ್ಲ.

ಆರಿದ ಮೇಲೆ ದಿಯಾ ನೀರು ಚೆಲ್ಲಿ ಕೆರೆದಳು. ತಳ ಬಹುಪಾಲು ಬಿಟ್ಟಿತು. “ಲುಕ್, ಇಟ್ಸ್ ಕಮಿಂಗ್ ಆಫ್!” ಅನ್ನುತ್ತ ಹಸಿರು ಸ್ಕ್ರಬ್ಬರ್ ತೆಗೆದುಕೊಂಡು ಪಕ್ಕಗಳಿಗೆ ಕೈ ಹಾಕಿದಳು. ಸೋಡಾ ನೀರು ಮುಟ್ಟದ ಎತ್ತರದಲ್ಲಿ, ಒಳಗೋಡೆಯ ಸುತ್ತ, ಅರಿಸಿನದ ಒಂದು ಗೆರೆ. ಸಾರು ಕುದಿಯುವ ಮೊದಲು ಎಲ್ಲಿಯವರೆಗೆ ಇತ್ತು ಅನ್ನುವ ಗುರುತು.

“ಮುಟ್ಟಬೇಡ!”

ದಿಯಾ ಬೆಚ್ಚಿದಳು. ಇಷ್ಟು ದಿನಗಳಲ್ಲಿ ಅಮ್ಮ ದನಿ ಎತ್ತಿದ್ದು ಇದೇ ಮೊದಲು.

ಚಂದ್ರಮೋಹನರ ಸಾರಿಗೆ ಒಂದು ಅಳತೆಯಿತ್ತು. ತಲೆಗೊಂದು ಲೋಟ ನೀರು. ಚಿಪ್ ಕಂಪನಿಯ ಎಂಜಿನಿಯರು, ಒಂದು ಹನಿ ಆಚೆ ಈಚೆ ಆಗಕೂಡದು. ಫ್ರಿಜ್ಜಿನಲ್ಲಿಟ್ಟ ಸಾರು ಅವರಿಗೆ ಆಗುತ್ತಿರಲಿಲ್ಲ, ಹಾಗಾಗಿ ನಾಳೆಗೂ ಇರಲಿ ಅಂತ ಹೆಚ್ಚಿಗೆ ಮಾಡಿದವರೇ ಅಲ್ಲ. “ಮದುವೆ ಮನೆ ಸಾರಾದರೂ ನೀವು ತಲೆ ಎಣಿಸಿಯೇ ಇಳಿಸ್ತೀರಿ” ಅಂತ ತುಂಗಾ ಎಷ್ಟು ಸಲ ಗೇಲಿ ಮಾಡಿಲ್ಲ!

ಅವರು ಅಳೆಯುತ್ತಿದ್ದ ಲೋಟ ಸಿಂಕಿನ ಪಕ್ಕದಲ್ಲೇ ಕವುಚಿಕೊಂಡಿತ್ತು. ತುಂಗಾ ಅದರ ತುಂಬ ನೀರು ಹಿಡಿದು ಪಾತ್ರೆಗೆ ಸುರಿದಳು. ಗೆರೆ ಎಲ್ಲೋ ಮೇಲೆ ಉಳಿಯಿತು. ಇನ್ನೊಂದು ಲೋಟ ಹಿಡಿದಳು, ಅರ್ಧ ಸಿಂಕಿಗೇ ಚೆಲ್ಲಿತು. ಅದನ್ನೇ ಮತ್ತೆ ತುಂಬಿಸಿ ಪಾತ್ರೆಗೆ ಸುರಿದಳು. ನೀರು ಏರಿ, ಗೆರೆಗೆ ಬೆರಳಷ್ಟು ಕೆಳಗೆ ನಿಂತಿತು. ಮಿಕ್ಕ ಬೆರಳಷ್ಟು ಬೇಳೆಯದು. ಅದಕ್ಕೆ ಯಾರ ಸಾಕ್ಷಿಯೂ ಬೇಡ.

“ಅಮ್ಮಾ, ವಾಟ್ ಹ್ಯಾಪನ್ಡ್?”

“ಇಬ್ಬರಿಗೆ ಇಟ್ಟಿದ್ರು ಕಣೇ.”

“ಏನು?”

“ಕೇಳಿಸ್ಕೊಂಡಿದ್ರು. ನಾನು ಊಟಕ್ಕೆ ಬರ್ತೀನಿ ಅಂದಿದ್ದು ಕೇಳಿಸ್ಕೊಂಡು ನನಗೂ ಸೇರಿಸಿ ಇಟ್ಟಿದ್ರು! ಒಂದು ಹೂಂ ಅನ್ನೋಕೆ ಏನಾಗಿತ್ತೇ ಈ ಮನುಷ್ಯನಿಗೆ? ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ರಾ? ಒಂದೇ ಒಂದು ಹೂಂ!”

ಬೈಯುತ್ತಲೇ ಇದ್ದಳು. ಬೈಗುಳದ ನಡುವೆ ಎಲ್ಲೋ ಅಳು ಸೇರಿಕೊಂಡಿತು. ಅಡುಗೆಮನೆಯ ನೆಲಕ್ಕೆ ಕುಸಿದು, ಒದ್ದೆ ಲೋಟವನ್ನು ಎದೆಗೆ ಒತ್ತಿಕೊಂಡು, ಜೋರಾಗಿ, ಪಕ್ಕದ ಮನೆಗೆ ಕೇಳುವ ಹಾಗೆ ಅತ್ತಳು. ದಿಯಾ ಸ್ಕ್ರಬ್ಬರ್ ಕೆಳಗಿಟ್ಟು ಬಂದು ಅಮ್ಮನ ಪಕ್ಕ ಕುಳಿತಳು.